ಮೊದಲ ಸಲ ಬೆಟ್ಟ ಹತ್ತುತ್ತಿದ್ದೀರಾ? ಬೆಂಗಳೂರಿನಿಂದ ಹೊರಡುವ ಮುಂಚೆ ಓದಿಕೊಳ್ಳಿ

‘ಯಾವತ್ತೂ ಟ್ರೆಕ್ಕಿಂಗ್ ಮಾಡಿಲ್ಲ. ಬೆಂಗಳೂರಿನ ಹತ್ತಿರ ಮೊದಲು ಯಾವ ಬೆಟ್ಟಕ್ಕೆ ಹೋಗಲಿ?’ ಚಳಿಗಾಲ ಶುರುವಾಯಿತು ಅಂದರೆ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಕೇಳುವವರು ಎತ್ತರ ಎಷ್ಟು, ಸೂರ್ಯೋದಯ ಕಾಣುತ್ತದಾ, ಮೋಡ ಸಿಗುತ್ತದಾ ಅಂತ ವಿಚಾರಿಸುತ್ತಾರೆ. ಅರ್ಧ ದಾರಿಯಲ್ಲಿ ಕಾಲು ಉಳುಕಿದರೆ ಕೆಳಗೆ ಬರುವುದು ಹೇಗೆ ಅಂತ ಕೇಳುವವರು ಕಡಿಮೆ. ನನ್ನ ಪ್ರಕಾರ ಮೊದಲ ಬೆಟ್ಟ ಆರಿಸಬೇಕಾದದ್ದು ಇದೇ ಪ್ರಶ್ನೆ ಇಟ್ಟುಕೊಂಡು. ಯಾವ ಬೆಟ್ಟದಲ್ಲಿ ಬೇಕೆಂದಾಗ ವಾಪಸ್ ತಿರುಗಬಹುದೋ, ಎಲ್ಲಿ ಕೂಗಿದರೆ ಒಬ್ಬರಾದರೂ ಕೇಳಿಸಿಕೊಳ್ಳುತ್ತಾರೋ, ಎಲ್ಲಿಂದ ತಾಲ್ಲೂಕು ಆಸ್ಪತ್ರೆ ಹತ್ತಿರವೋ, ಅದು ಮೊದಲ ಬೆಟ್ಟ.

ಏನೇನು ಬೇಕು, ಯಾವ ಕ್ರಮದಲ್ಲಿ ತಯಾರಾಗಬೇಕು, ಎಡವಟ್ಟಾದರೆ ಏನು ಮಾಡಬೇಕು, ಎಲ್ಲವನ್ನೂ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

1. ಮೊದಲು ನಿಮ್ಮ ಮೈಯನ್ನು ಕೇಳಿ

ನಂದಿ ಬೆಟ್ಟದ ಮೆಟ್ಟಿಲ ದಾರಿಯಲ್ಲಿ 1,700ಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ದಿನವಿಡೀ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರು ಒಮ್ಮೆಲೇ ಅಲ್ಲಿಗೆ ಹೋದರೆ ಹತ್ತುವುದು ಹೇಗೋ ಆಗುತ್ತದೆ. ಇಳಿಯುವಾಗ ಮೊಣಕಾಲು ನಡುಗಲು ಶುರುವಾಗುತ್ತದೆ. ಹಾಗಾಗಿ ಹೊರಡುವ ಎರಡು ಮೂರು ವಾರ ಮುಂಚೆ ಲಿಫ್ಟ್ ಬಿಟ್ಟುಬಿಡಿ. ಮೆಟ್ರೊ ನಿಲ್ದಾಣದ ಎಸ್ಕಲೇಟರ್ ಪಕ್ಕದಲ್ಲಿ ಖಾಲಿ ಬಿದ್ದಿರುವ ಮೆಟ್ಟಿಲನ್ನು ಬಳಸಿ. ಇಳಿಯುವುದನ್ನೂ ಅಭ್ಯಾಸ ಮಾಡಿ, ಅದೇ ಮುಖ್ಯ.

ಹೊಸ ಶೂ ಇದ್ದರೆ ಲಾಲ್‌ಬಾಗ್ ಬಂಡೆಯ ಮೇಲೆ, ಕೆಂಪೇಗೌಡರ ಗೋಪುರದ ಸುತ್ತ, ಹತ್ತಿ ಇಳಿದು ನೋಡಿ. ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ ಅದು. ಊರಿನ ಸುತ್ತಲಿನ ಬೆಟ್ಟಗಳಲ್ಲಿ ಸಿಗುವುದೂ ಇಂಥದೇ ಬರಿ ಬಂಡೆ. ಶೂ ಅಲ್ಲೇ ಜಾರಿದರೆ ಸಾವನದುರ್ಗದಲ್ಲಿ ಖಂಡಿತ ಜಾರುತ್ತದೆ.

ಹೃದಯದ ತೊಂದರೆ, ಬಿಪಿ, ಆಸ್ತಮಾ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಹೊರಡಬೇಕು. ಇದರಲ್ಲಿ ಸಂಕೋಚ ಬೇಡ.

2. ಬೆಟ್ಟ ಆರಿಸಿಕೊಳ್ಳಿ

ಮೊದಲ ಸಲಕ್ಕೆ ನಾನು ಹೇಳುವುದು ಶಿವಗಂಗೆ. ಬೆಂಗಳೂರಿನಿಂದ ತುಮಕೂರು ರಸ್ತೆಯಲ್ಲಿ ದಾಬಸ್‌ಪೇಟೆ ಮೂಲಕ ಸುಮಾರು 55 ಕಿಲೋಮೀಟರ್. ದಾರಿಯುದ್ದಕ್ಕೂ ಮೆಟ್ಟಿಲುಗಳಿವೆ, ಕಡಿದಾದ ಕಡೆ ಕಬ್ಬಿಣದ ಕಂಬಿ ಇದೆ. ಗಂಗಾಧರೇಶ್ವರನ ಗುಡಿ, ಒಳಕಲ್ಲು ತೀರ್ಥ ಎಲ್ಲ ದಾರಿಯಲ್ಲೇ ಬರುವುದರಿಂದ ಭಕ್ತರ ಓಡಾಟ ನಿಲ್ಲುವುದಿಲ್ಲ. ಮಜ್ಜಿಗೆ, ಸೌತೆಕಾಯಿ ಮಾರುವವರೂ ಸಿಗುತ್ತಾರೆ. ಒಳಕಲ್ಲು ತೀರ್ಥದಲ್ಲೇ ಸಾಕಾಯಿತು ಅನ್ನಿಸಿದರೆ ಅಲ್ಲಿಂದಲೇ ತಿರುಗಬಹುದು. ಅದೂ ಪೂರ್ತಿ ಪ್ರವಾಸವೇ, ಅರ್ಧಕ್ಕೆ ಬಿಟ್ಟಂತೆ ಅಲ್ಲ. ಅಲ್ಲಿಂದ ಮೇಲೆ ಕಲ್ಲಿನ ನಂದಿಯವರೆಗಿನ ಭಾಗ ನಿಜಕ್ಕೂ ಕಡಿದು. ಎತ್ತರದ ಭಯ ಇರುವವರು ಅಲ್ಲಿ ಕಂಬಿ ಹಿಡಿದುಕೊಂಡೇ ಹೋಗಬೇಕು. ಕೋತಿಗಳು ಜಾಸ್ತಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಕಿತ್ತುಕೊಳ್ಳುತ್ತವೆ. ತಿಂಡಿ, ಮೊಬೈಲು ಎಲ್ಲ ಬೆನ್ನ ಚೀಲದ ಒಳಗಿರಲಿ.

ನಂದಿ ಬೆಟ್ಟದ ಮೆಟ್ಟಿಲ ದಾರಿ ಇನ್ನೊಂದು ಒಳ್ಳೆಯ ಆಯ್ಕೆ. ಎತ್ತರ 1,478 ಮೀಟರ್. ಬೆಂಗಳೂರೇ ಸುಮಾರು 900 ಮೀಟರ್ ಎತ್ತರದಲ್ಲಿ ಇರುವುದರಿಂದ ನೀವು ನಿಜವಾಗಿ ಹತ್ತುವುದು ಅದಕ್ಕಿಂತ ತುಂಬಾ ಕಡಿಮೆ. ಯಾವ ಬೆಟ್ಟದ ಬಗ್ಗೆ ಓದುವಾಗಲೂ ಇದನ್ನು ನೆನಪಿಡಿ. ಸಮುದ್ರಮಟ್ಟದಿಂದ ಎಷ್ಟು ಅನ್ನುವುದಲ್ಲ, ಬುಡದಿಂದ ತುದಿಗೆ ಎಷ್ಟು ಅನ್ನುವುದು ನಿಮ್ಮ ಕಾಲಿಗೆ ಸಂಬಂಧಪಟ್ಟ ಲೆಕ್ಕ. ನಂದಿಯ ದೊಡ್ಡ ಅನುಕೂಲ ಏನೆಂದರೆ ಮೇಲೆ ರಸ್ತೆ ಇದೆ, ಹೋಟೆಲ್ ಇದೆ, ಬಸ್ ಇದೆ. ಮೇಲೆ ತಲುಪಿ ಕಾಲು ಕೈಕೊಟ್ಟರೆ ವಾಹನದಲ್ಲಿ ಇಳಿಯಬಹುದು. ವಾರಾಂತ್ಯದಲ್ಲಿ ಮಾತ್ರ ಜನ, ವಾಹನ ವಿಪರೀತ. ಆಗಾಗ ಪ್ರವೇಶಕ್ಕೆ ನಿರ್ಬಂಧವೂ ಇರುತ್ತದೆ, ಹಿಂದಿನ ದಿನವೇ ವಿಚಾರಿಸಿಕೊಳ್ಳಿ.

ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ರಾಮನಗರದ ರಾಮದೇವರ ಬೆಟ್ಟ ಅಥವಾ ತುಮಕೂರಿನ ದೇವರಾಯನದುರ್ಗ. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಬಂಡೆಯ ಚಾಚುಗಳಲ್ಲಿ ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುತ್ತದೆ. ಅಲ್ಲಿ ಸ್ಪೀಕರ್ ಹಾಕುವುದು, ಕೂಗಾಡುವುದು ಬೇಡವೇ ಬೇಡ. ದೇವರಾಯನದುರ್ಗದಲ್ಲಿ ಬೆಟ್ಟದ ಮೇಲಕ್ಕೆ ರಸ್ತೆಯೇ ಇದೆ. ಭೋಗ ನರಸಿಂಹನ ಗುಡಿಯಿಂದ ಮೇಲಿನ ಯೋಗ ನರಸಿಂಹನ ಗುಡಿಗೆ ಮೆಟ್ಟಿಲು ಹತ್ತಿದರೂ ಒಳ್ಳೆಯ ನಡಿಗೆ.

ಕೋಲಾರದ ಅಂತರಗಂಗೆಯಲ್ಲಿ ಬಸವನ ಬಾಯಿಂದ ನೀರು ಬೀಳುವ ಕಲ್ಯಾಣಿಯವರೆಗೆ ಮೆಟ್ಟಿಲಿದೆ, ಯಾರು ಬೇಕಾದರೂ ಹೋಗಬಹುದು. ಅದರಾಚೆ ಬಂಡೆಗಳ ನಡುವಿನ ಗುಹೆಗಳಿಗೆ ಸ್ಥಳೀಯ ಗೈಡ್ ಇಲ್ಲದೆ ನುಗ್ಗಬೇಡಿ. ಒಳಗೆ ದಾರಿ ಕವಲೊಡೆಯುತ್ತದೆ, ಕತ್ತಲಿರುತ್ತದೆ. ಕೆಲವು ಕಡೆ ತೆವಳಿಕೊಂಡೇ ಹೋಗಬೇಕು.

ಮೊದಲ ಸಲಕ್ಕೆ ಬೇಡ ಅಂತ ನಾನು ಸ್ಪಷ್ಟವಾಗಿ ಹೇಳುವ ಬೆಟ್ಟಗಳೂ ಇವೆ. ಸಾವನದುರ್ಗ ಅದರಲ್ಲಿ ಮೊದಲನೆಯದು. ಮಾಗಡಿ ಹತ್ತಿರದ ಈ 1,226 ಮೀಟರ್ ಎತ್ತರದ ಬೆಟ್ಟ ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು. ಏಕಶಿಲಾ ಅಂದರೆ ಇಡೀ ಬೆಟ್ಟ ಒಂದೇ ಬಂಡೆ. ಮೆಟ್ಟಿಲಿಲ್ಲ, ನೆರಳು ಇಲ್ಲವೇ ಇಲ್ಲ ಅನ್ನಬೇಕು. ಬಂಡೆಯ ಮೇಲೆ ಕಾಲುದಾರಿ ಮೂಡುವುದಿಲ್ಲ, ಹಾಗಾಗಿ ಇಳಿಯುವಾಗ ಸ್ವಲ್ಪ ಪಕ್ಕಕ್ಕೆ ಸರಿದರೂ ಗೊತ್ತಾಗುವುದಿಲ್ಲ. ಮುಂದೆ ಹೋದಂತೆ ಇಳಿಜಾರು ಕಡಿದಾಗುತ್ತಾ ಹೋಗುತ್ತದೆ, ಕೊನೆಗೆ ಹತ್ತುವುದಕ್ಕೂ ಆಗದ, ಇಳಿಯುವುದಕ್ಕೂ ಆಗದ ಜಾಗದಲ್ಲಿ ನಿಂತುಬಿಡುತ್ತೀರಿ. ಮಧುಗಿರಿಯೂ ಹೀಗೇ. ಮೇಲಿನ ಭಾಗದಲ್ಲಿ ಬಂಡೆಯಲ್ಲಿ ಕೊರೆದ ಸಣ್ಣ ಮೆಟ್ಟಿಲುಗಳ ಮೇಲೆ ಕಾಲಿಡಬೇಕು. ಇವೆರಡನ್ನೂ ನಾಲ್ಕಾರು ಬೆಟ್ಟ ಹತ್ತಿ ಕಾಲಿಗೆ ನಂಬಿಕೆ ಬಂದ ಮೇಲೆ ಇಟ್ಟುಕೊಳ್ಳಿ. ಕನಕಪುರದ ಕಡೆಯ ಬಿಳಿಕಲ್ ರಂಗಸ್ವಾಮಿ ಬೆಟ್ಟದ ಕಾಡಿನಲ್ಲಿ ಆನೆಗಳಿವೆ, ಅದೂ ಹೊಸಬರು ಸುಮ್ನೆ ಹೋಗಿ ಬರುವ ಜಾಗ ಅಲ್ಲ.

3. ಅನುಮತಿ, ಕಾಲ, ಹೊತ್ತು

ಸ್ಕಂದಗಿರಿ, ಮಾಕಳಿದುರ್ಗದಂಥ ಅರಣ್ಯ ಇಲಾಖೆಯ ವ್ಯಾಪ್ತಿಯ ಬೆಟ್ಟಗಳಿಗೆ ಮೊದಲೇ ಟಿಕೆಟ್ ಬೇಕು. ಇಲಾಖೆ ಇದಕ್ಕಾಗಿ 2024ರಲ್ಲಿ ‘ಅರಣ್ಯ ವಿಹಾರ’ ಅನ್ನುವ ಜಾಲತಾಣ ಶುರು ಮಾಡಿದೆ. ದಿನಕ್ಕೆ ಇಂತಿಷ್ಟೇ ಜನ ಅಂತ ಮಿತಿ ಇರುವುದರಿಂದ ವಾರಾಂತ್ಯದ ಟಿಕೆಟ್ ಬೇಗ ಮುಗಿಯುತ್ತದೆ. ‘ಹೋಗಿ, ಅಲ್ಲೇ ಏನಾದರೂ ಮಾಡೋಣ’ ಅಂತ ಹೊರಡಬೇಡಿ. ಟಿಕೆಟ್ ಇಲ್ಲದವರು ಕತ್ತಲಲ್ಲಿ ಹಿಂಬದಿಯ ದಾರಿ ಹುಡುಕಿಕೊಂಡು ಹೋಗುವುದೇ ಎಷ್ಟೋ ಅನಾಹುತಗಳ ಮೂಲ. ನೀವು ಅಲ್ಲಿದ್ದೀರಿ ಅಂತ ಯಾರಿಗೂ ಗೊತ್ತಿರುವುದಿಲ್ಲ, ಹಾಗಾಗಿ ಹುಡುಕಲು ಯಾರೂ ಬರುವುದಿಲ್ಲ. ರಾತ್ರಿ ಟ್ರೆಕ್ ಅಂತ ಆಸೆ ಹುಟ್ಟಿಸುವ ಜಾಹೀರಾತು ಕಂಡರೆ ಅನುಮತಿ ಪತ್ರ ತೋರಿಸಿ ಅಂತ ಕೇಳಿ. ಈ ಬೆಟ್ಟಗಳ ಸುತ್ತ ಚಿರತೆ, ಕರಡಿ ಇವೆ. ಅವು ಹೆಚ್ಚಾಗಿ ಓಡಾಡುವುದು ನಸುಕಿನಲ್ಲಿ, ಸಂಜೆ ಮೇಲೆ.

ಮಾಕಳಿದುರ್ಗಕ್ಕೆ ಹೋಗುವವರಿಗೆ ಒಂದು ಮಾತು. ರೈಲು ಹಳಿ ಬೆಟ್ಟದ ಬುಡದಲ್ಲೇ ಹಾದುಹೋಗುತ್ತದೆ. ಫೋಟೊ ತೆಗೆಯಲು, ದಾರಿ ಹತ್ತಿರವಾಗುತ್ತದೆ ಅಂತ ಹಳಿಯ ಮೇಲೆ ನಡೆಯುವವರು ಬಹಳ. ಜೀವಕ್ಕೆ ಅಪಾಯ, ಜೊತೆಗೆ 1989ರ ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಾರ್ಚ್ ಕಳೆದ ಮೇಲೆ ಬಂಡೆ ಬೇಗ ಕಾಯುತ್ತದೆ, ಏಪ್ರಿಲ್–ಮೇನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು. ಮಳೆಗಾಲದಲ್ಲಿ ಹಸಿರು ಚೆಂದ, ಬಂಡೆ ಮಾತ್ರ ನಂಬಿಕೆಗೆ ಅರ್ಹವಲ್ಲ.

ಬಂಡೆಯನ್ನು ಹತ್ತಿರದಿಂದ ನೋಡಿ. ಒಣಗಿದ ಗ್ರಾನೈಟ್ ಬೂದು ಬಣ್ಣಕ್ಕಿರುತ್ತದೆ, ಕೈಯಾಡಿಸಿದರೆ ಹರಳು ಹರಳಾಗಿ ತಾಗುತ್ತದೆ. ಅದರ ಮೇಲೆ ಶೂ ಕಚ್ಚಿಕೊಳ್ಳುತ್ತದೆ. ನಡುನಡುವೆ ಮೇಲಿಂದ ಕೆಳಗೆ ಕಪ್ಪು ಪಟ್ಟಿಗಳು ಇಳಿದಿರುತ್ತವೆ. ಅವು ಮಳೆನೀರು ಹರಿಯುವ ಜಾಡು. ಅಲ್ಲಿ ಪಾಚಿ ಬೆಳೆದು ಒಣಗಿ ಅಂಟಿಕೊಂಡಿರುತ್ತದೆ. ಬಿಸಿಲಲ್ಲಿ ಅದು ಕಲೆಯಂತೆ ಕಾಣುತ್ತದೆ ಅಷ್ಟೆ. ನಾಲ್ಕು ಹನಿ ಬಿದ್ದರೆ, ಮುಂಜಾನೆ ಮಂಜು ಕೂತಿದ್ದರೆ, ಎಣ್ಣೆ ಸುರಿದ ನೆಲದಂತಾಗುತ್ತದೆ. ಕಪ್ಪು ಪಟ್ಟಿ ದಾಟಲೇಬೇಕಾದರೆ ಅತಿ ಕಿರಿದಾದ ಕಡೆ, ಒಣಗಿದೆಯೇ ಅಂತ ಕೈಯಿಂದ ಮುಟ್ಟಿ ನೋಡಿ ದಾಟಿ.

ಹೊತ್ತಿನ ಲೆಕ್ಕಕ್ಕೆ ಹಳೆಯ ಸೂತ್ರವೊಂದಿದೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ್ದು. ಈಗ ಅದನ್ನು ಹೀಗೆ ಬಳಸುತ್ತಾರೆ: 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ದಾರಿ 3 ಕಿಲೋಮೀಟರ್, ಏರಿಕೆ 450 ಮೀಟರ್ ಅಂದರೆ 36 ನಿಮಿಷ ಮತ್ತು 45 ನಿಮಿಷ, ಒಟ್ಟು 81 ನಿಮಿಷ. ಇದು ಗಟ್ಟಿ ನಡಿಗೆಯವರ ಲೆಕ್ಕ, ವಿಶ್ರಾಂತಿ ಸೇರಿಲ್ಲ. ಹೊಸಬರು ಎರಡು ಗಂಟೆ ಇಟ್ಟುಕೊಳ್ಳಿ, ಇಳಿಯುವುದಕ್ಕೂ ಹೆಚ್ಚೂ ಕಡಿಮೆ ಅಷ್ಟೇ. ಡಿಸೆಂಬರ್‌ನಲ್ಲಿ ಬೆಂಗಳೂರಿನ ಸುತ್ತ ಸಂಜೆ 6ರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಬೆಳಗ್ಗೆ 6:30ಕ್ಕೆ ಬುಡದಲ್ಲಿದ್ದರೆ 11ರೊಳಗೆ ಇಳಿದುಬಿಡಬಹುದು, ಬಿಸಿಲೂ ತಪ್ಪುತ್ತದೆ.

4. ಚೀಲಕ್ಕೆ ಏನು ಹಾಕಬೇಕು

ಎರಡು ಭುಜಕ್ಕೂ ಹಾಕುವ ಚೀಲವೇ ಆಗಬೇಕು. ಕೈ ಎರಡೂ ಖಾಲಿ ಇರಬೇಕು.

ನೀರು ಒಬ್ಬರಿಗೆ 2ರಿಂದ 3 ಲೀಟರ್. ‘ನಮ್ಮ ನಾಲ್ವರಿಗೆ ಎರಡು ಬಾಟಲಿ ಸಾಕು’ ಅನ್ನುವುದು ನಾನು ಅತಿ ಹೆಚ್ಚು ಕಂಡಿರುವ ತಪ್ಪು. ಎರಡು ಪೊಟ್ಟಣ ಓಆರ್‌ಎಸ್ ಇರಲಿ. ಓಆರ್‌ಎಸ್ ಅಂದರೆ ಬೆವರಿನಲ್ಲಿ ಹೋದ ಉಪ್ಪು, ಸಕ್ಕರೆ ತುಂಬಿಕೊಡುವ ಪುಡಿ. ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು, ಅಳತೆ ಹೆಚ್ಚೂ ಕಡಿಮೆ ಆಗಬಾರದು. ಸಿಗದಿದ್ದರೆ ಒಂದು ಲೀಟರ್ ನೀರಿಗೆ 6 ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು.

ತಿನ್ನುವುದಕ್ಕೆ ಕಡ್ಲೆ ಮಿಠಾಯಿ, ಖರ್ಜೂರ, ಬಾಳೆಹಣ್ಣು, ಚಪಾತಿ ಸುರುಳಿ. ಚಿತ್ರಾನ್ನವೂ ಆಗುತ್ತದೆ. ಬರಿ ಚಿಪ್ಸ್ ಪೊಟ್ಟಣ ಹೊತ್ತುಕೊಂಡು ಹೋಗಬೇಡಿ, ಹೊಟ್ಟೆಯೂ ತುಂಬುವುದಿಲ್ಲ, ಬಾಯಾರಿಕೆ ಜಾಸ್ತಿಯಾಗುತ್ತದೆ.

ಶೂ ತಳದಲ್ಲಿ ಆಳವಾದ ಗೀರುಗಳಿರಬೇಕು. ಜಿಮ್ ಶೂ ಸವೆದಿದ್ದರೆ ಬೇಡ, ಚಪ್ಪಲಿ ಬೇಡ. ಬೆರಳ ಮುಂದೆ ಅರ್ಧ ಇಂಚು ಜಾಗ ಬಿಟ್ಟಿರಬೇಕು, ಇಲ್ಲವಾದರೆ ಇಳಿಯುವಾಗ ಹೆಬ್ಬೆರಳ ಉಗುರು ಬಡಿದು ಕಪ್ಪಾಗುತ್ತದೆ. ಹಿಂದಿನ ದಿನ ಉಗುರು ಕತ್ತರಿಸಿಕೊಳ್ಳಿ. ಜೀನ್ಸ್ ಬಿಟ್ಟು ಸಡಿಲವಾದ, ಬೇಗ ಒಣಗುವ ಪ್ಯಾಂಟು, ತುಂಬು ತೋಳಿನ ಅಂಗಿ, ಟೋಪಿ.

ಉಳಿದದ್ದು ತುರ್ತಿಗೆ. ಇವನ್ನೆಲ್ಲ ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ, ಚೀಲದ ಮೇಲ್ಭಾಗದಲ್ಲೇ ಇಡಿ:

ಕ್ರೇಪ್ ಬ್ಯಾಂಡೇಜ್ (ಎಳೆದರೆ ಹಿಗ್ಗುವ ಬಟ್ಟೆ ಪಟ್ಟಿ) ಎರಡು, ಗಾಜ್ ಬಟ್ಟೆ, ಅಂಟುಪಟ್ಟಿ, ನಂಜು ನಿರೋಧಕ ದ್ರಾವಣ, ಸಣ್ಣ ಕತ್ತರಿ, ಪ್ಯಾರಾಸಿಟಮಾಲ್, ನೀವು ದಿನಾ ತೆಗೆದುಕೊಳ್ಳುವ ಮಾತ್ರೆ. ಆಸ್ತಮಾ ಇದ್ದವರಿಗೆ ಇನ್ಹೇಲರ್. ಒಂದು ಸೀಟಿ. ತಲೆಗೆ ಕಟ್ಟುವ ಟಾರ್ಚ್, ಬೆಳಗ್ಗೆಯೇ ಹೊರಟರೂ ಸರಿ. ಎರಡು ದೊಡ್ಡ ಕಸದ ಚೀಲ. ಮಳೆ ಬಂದರೆ ತಲೆ ತೋಳಿಗೆ ತೂತು ಮಾಡಿ ಮೈಗೆ ಹಾಕಿಕೊಳ್ಳಬಹುದು, ಇಲ್ಲವಾದರೆ ನಿಮ್ಮ ಕಸ ಕೆಳಗೆ ತರಲು ಆಗುತ್ತದೆ. ರಕ್ತದ ಗುಂಪು, ಅಲರ್ಜಿ, ಮನೆಯವರ ನಂಬರ್ ಬರೆದ ಒಂದು ಚೀಟಿ.

ಸೀಟಿಯ ಬಗ್ಗೆ ಹೊಸಬರು ಹಗುರವಾಗಿ ಮಾತಾಡುತ್ತಾರೆ. ಬಂಡೆಗಳ ಮರೆಯಲ್ಲಿ ಬಿದ್ದವರ ಕೂಗು ಗಾಳಿಗೆ ಹಾರಿಹೋಗುತ್ತದೆ, ಹತ್ತು ನಿಮಿಷ ಕೂಗಿದರೆ ಗಂಟಲೂ ಕಟ್ಟುತ್ತದೆ. ಸೀಟಿ ಬಹಳ ದೂರ ಕೇಳುತ್ತದೆ, ಊದುವುದಕ್ಕೆ ಶಕ್ತಿಯೂ ಬೇಕಿಲ್ಲ. ಉದ್ದಕ್ಕೆ ಮೂರು ಸಲ ಊದಿ, ನಿಲ್ಲಿಸಿ, ಮತ್ತೆ ಮೂರು ಸಲ. ತೊಂದರೆಯಲ್ಲಿದ್ದೇವೆ ಅನ್ನುವ ಸಂಕೇತ ಅದು. ತಮಾಷೆಗೆ ಊದಬೇಡಿ.

5. ಮನೆಯಲ್ಲೊಂದು ಚೀಟಿ ಬಿಟ್ಟು ಹೋಗಿ

ದುಡ್ಡು ಖರ್ಚಿಲ್ಲದ, ಆದರೆ ಜೀವ ಉಳಿಸುವ ಕೆಲಸ ಇದು. ಜೊತೆಗೆ ಬರದ ಒಬ್ಬರಿಗೆ ಹೊರಡುವ ಮುಂಚೆ ಹೀಗೊಂದು ಮೆಸೇಜ್ ಕಳಿಸಿ:

‘ಭಾನುವಾರ ಶಿವಗಂಗೆ. ನಾವು ನಾಲ್ವರು, ಹೆಸರು ನಂಬರ್ ಕೆಳಗಿದೆ. ಕಾರಿನ ನಂಬರ್ ಇದು. ಬೆಳಗ್ಗೆ 6:30ಕ್ಕೆ ಹತ್ತಲು ಶುರು, ಮೆಟ್ಟಿಲ ದಾರಿ. 11:30ಕ್ಕೆ ಕೆಳಗೆ ಬಂದು ಮೆಸೇಜ್ ಮಾಡುತ್ತೇನೆ. 1 ಗಂಟೆಯಾದರೂ ಸುದ್ದಿ ಇಲ್ಲದಿದ್ದರೆ ಎಲ್ಲರಿಗೂ ಫೋನ್ ಮಾಡು. 2ಕ್ಕೂ ಸಿಗದಿದ್ದರೆ 112ಕ್ಕೆ ಹೇಳು.’

ಕೊನೆಯ ಎರಡು ಸಾಲು ಬಹಳ ಮುಖ್ಯ. ‘ಸಂಜೆ ಬರ್ತೀನಿ’ ಅಂದರೆ ಮನೆಯವರು ರಾತ್ರಿ 9ರವರೆಗೆ ಸುಮ್ಮನಿರುತ್ತಾರೆ, ಅಷ್ಟರಲ್ಲಿ ಹುಡುಕುವ ಬೆಳಕು ಹೋಗಿರುತ್ತದೆ. ಇಳಿದ ತಕ್ಷಣ ಮೆಸೇಜ್ ಮಾಡುವುದನ್ನು ಮಾತ್ರ ಮರೆಯಬೇಡಿ.

ಮನೆಯಲ್ಲೇ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ, ಅಂದರೆ ಇಂಟರ್‌ನೆಟ್ ಇಲ್ಲದಿದ್ದರೂ ತೆರೆದುಕೊಳ್ಳುವ ನಕ್ಷೆ. ಮೊಬೈಲ್ ತುಂಬಾ ಚಾರ್ಜ್ ಮಾಡಿ. ಸಿಗ್ನಲ್ ಇಲ್ಲದ ಕಡೆ ಮೊಬೈಲು ಟವರ್ ಹುಡುಕುತ್ತಾ ಬ್ಯಾಟರಿ ತಿನ್ನುತ್ತದೆ, ಆಗ ಏರೋಪ್ಲೇನ್ ಮೋಡ್ ಹಾಕಿ. ಅದರಲ್ಲಿ ಇಟ್ಟರೂ ಜಿಪಿಎಸ್ ಕೆಲಸ ಮಾಡುತ್ತದೆ, ನೀವು ಎಲ್ಲಿದ್ದೀರಿ ಅಂತ ನಕ್ಷೆಯಲ್ಲಿ ಕಾಣುತ್ತದೆ.

6. ಹತ್ತುವಾಗ, ಇಳಿಯುವಾಗ

ಮೂವರಿಗಿಂತ ಕಡಿಮೆ ಜನ ಹೋಗಬೇಡಿ. ಒಬ್ಬರಿಗೆ ಏಟಾದರೆ ಇನ್ನೊಬ್ಬರು ಜೊತೆಗಿರಬೇಕು, ಮೂರನೆಯವರು ಸಹಾಯ ತರಬೇಕು. ಗುಂಪಿನಲ್ಲಿ ಅತಿ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಡಿ, ಅನುಭವ ಇರುವವರೊಬ್ಬರು ಕೊನೆಯಲ್ಲಿರಲಿ. ಕೊನೆಯವರನ್ನು ಟ್ರೆಕ್ಕಿಂಗ್ ಮಾಡುವವರು ‘ಸ್ವೀಪ್’ ಅನ್ನುತ್ತಾರೆ. ಅವರ ಹಿಂದೆ ನಮ್ಮವರು ಯಾರೂ ಇರಬಾರದು.

ಮಾತಾಡಿಕೊಂಡು ನಡೆಯಲು ಆಗಬೇಕು, ಅದೇ ಸರಿಯಾದ ವೇಗ. ಏದುಸಿರು ಬಂದು ಮಾತು ತುಂಡಾದರೆ ನಿಧಾನಿಸಿ. ಬಾಯಾರುವ ಮುಂಚೆಯೇ ಕಾಲು ಗಂಟೆಗೊಮ್ಮೆ ಎರಡು ಗುಟುಕು ನೀರು. ಅರ್ಧ ನೀರು ಖಾಲಿಯಾದರೆ ತಿರುಗಿ, ತುದಿ ಎಷ್ಟೇ ಹತ್ತಿರ ಕಾಣಲಿ.

ಹೊರಡುವಾಗಲೇ ವಾಪಸ್ ತಿರುಗುವ ಗಂಟೆ ನಿಗದಿ ಮಾಡಿ, ಎಲ್ಲರಿಗೂ ಕೇಳುವಂತೆ ಹೇಳಿ. 9:30 ಅಂದರೆ 9:30. ‘ಇನ್ನು ಹತ್ತೇ ನಿಮಿಷ, ಬಾರೋ’ ಅಂತ ಗೆಳೆಯರು ಎಳೆಯುತ್ತಾರೆ. ದಣಿದ ತಲೆಗೆ ಅಲ್ಲೇ ನಿಂತು ಸರಿಯಾಗಿ ಯೋಚಿಸಲು ಆಗುವುದಿಲ್ಲ, ಅದಕ್ಕೇ ಬುಡದಲ್ಲೇ ತೀರ್ಮಾನ ಆಗಿರಬೇಕು.

ಜಾಗ್ರತೆ ಹೆಚ್ಚು ಬೇಕಾದದ್ದು ಇಳಿಯುವಾಗ. ತೊಡೆ ಸೋತಿರುತ್ತದೆ, ಗಮನ ತಿಂಡಿ ಮೇಲಿರುತ್ತದೆ. ತುದಿಯಲ್ಲೇ ಕೂತು ಶೂ ಲೇಸು ಬಿಚ್ಚಿ ಮತ್ತೆ ಕಟ್ಟಿ. ಹಿಮ್ಮಡಿಯನ್ನು ಶೂ ಹಿಂಬದಿಗೆ ಒತ್ತಿ, ಪಾದದ ಮೇಲ್ಭಾಗದಲ್ಲಿ ಬಿಗಿಯಾಗಿ ಎಳೆದು ಕಟ್ಟಿದರೆ ಕಾಲು ಮುಂದಕ್ಕೆ ಜಾರುವುದಿಲ್ಲ. ಮೊಣಕಾಲು ಸ್ವಲ್ಪ ಮಡಿಸಿ, ಸಣ್ಣ ಹೆಜ್ಜೆ, ಪಾದ ಪೂರ್ತಿ ಬಂಡೆಗೆ ತಾಗುವಂತೆ ಇಡಿ. ಭಯವಾದರೆ ಹಿಂದಕ್ಕೆ ವಾಲುತ್ತೇವೆ, ಆಗಲೇ ಹಿಮ್ಮಡಿ ಜಾರುವುದು. ತೀರಾ ಕಡಿದಾದ ಕಡೆ ಕೂತುಕೊಂಡು ಜರುಗಿ, ನಾಚಿಕೆ ಏನಿಲ್ಲ. ಓಡಬೇಡಿ.

ಸೆಲ್ಫಿಗಾಗಿ ಬಂಡೆಯ ಅಂಚಿಗೆ ಹೋಗಬೇಡಿ. ಏಕಶಿಲಾ ಬೆಟ್ಟದ ಅಂಚು ಗೋಡೆಯ ಹಾಗೆ ಒಮ್ಮೆಲೇ ಮುಗಿಯುವುದಿಲ್ಲ, ಗುಂಡಗೆ ಬಾಗುತ್ತಾ ಹೋಗುತ್ತದೆ. ಅಂಚು ಎಲ್ಲಿ ಅಂತ ಗೊತ್ತಾಗುವಷ್ಟರಲ್ಲಿ ಕಾಲು ಇಳಿಜಾರಿನಲ್ಲಿರುತ್ತದೆ.

7. ಎಡವಟ್ಟಾದರೆ

ಮೊದಲು ನಿಲ್ಲಿ. ಕೂತುಕೊಳ್ಳಿ. ಓಡಿ ಹೋಗಿ ಇನ್ನೊಬ್ಬರೂ ಬೀಳುವುದು ಬೇಡ. ಆಮೇಲೆ 112ಕ್ಕೆ ಫೋನ್ ಮಾಡಿ. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಇದೊಂದೇ ನಂಬರ್. ಆಂಬುಲೆನ್ಸ್ ಮಾತ್ರ ಸಾಕಾದರೆ 108. ಬೆಟ್ಟದ ಹೆಸರು, ತಾಲ್ಲೂಕು, ಯಾವ ದಾರಿ, ಎಷ್ಟು ಜನ, ಏನಾಗಿದೆ, ನಡೆಯಲು ಆಗುತ್ತದಾ ಅನ್ನುವುದನ್ನು ಈ ಕ್ರಮದಲ್ಲೇ ಹೇಳಿ. ಮ್ಯಾಪಿನಲ್ಲಿ ನೀವಿರುವ ಜಾಗವನ್ನು ಒತ್ತಿ ಹಿಡಿದರೆ ಅಕ್ಷಾಂಶ, ರೇಖಾಂಶದ ಅಂಕಿ ಬರುತ್ತದೆ, ಅದನ್ನೂ ಓದಿ ಹೇಳಿ. ಕರೆ ಹೋಗದಿದ್ದರೆ ಮನೆಯವರಿಗೆ ಎಸ್‌ಎಂಎಸ್ ಕಳಿಸಿ. ಮಾತಾಡಲು ಸಾಲದ ಸಿಗ್ನಲ್‌ನಲ್ಲೂ ಎಷ್ಟೋ ಸಲ ಎಸ್‌ಎಂಎಸ್ ಹೋಗಿಬಿಡುತ್ತದೆ.

ದಾರಿ ತಪ್ಪಿದರೆ: ಕೊನೆಯ ಸಲ ಸರಿಯಾದ ದಾರಿ ಕಂಡದ್ದು ಎಲ್ಲಿ ಅಂತ ನೆನಪಿದ್ದರೆ ಅಲ್ಲಿಗೆ ಮಾತ್ರ ಹಿಂದಿರುಗಿ. ನೆನಪಿಲ್ಲ ಅಂದರೆ ಇದ್ದಲ್ಲೇ ಇರಿ, ಸೀಟಿ ಊದಿ. ಕೆಳಗೆ ರಸ್ತೆ ಕಾಣುತ್ತಿದೆ ಅಂತ ನೇರ ಇಳಿಯಬೇಡಿ. ನಡುವೆ ಬಂಡೆ ಕಡಿದಾಗಿ ಬಿದ್ದಿರುವುದು ಮೇಲಿಂದ ಕಾಣುವುದಿಲ್ಲ.

ಕಾಲು ಉಳುಕಿದರೆ: ಶೂ ಬಿಚ್ಚಿ ನೋಡಿ. ಕಾಲಿನ ಮೇಲೆ ಭಾರ ಹಾಕಿ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ ಮೂಳೆ ಮುರಿದಿರಬಹುದು ಅಂದುಕೊಂಡೇ ನಡೆದುಕೊಳ್ಳಿ, ನಡೆಸಬೇಡಿ, ಸಹಾಯ ಕರೆಯಿರಿ. ಬರಿ ಉಳುಕು ಅನ್ನಿಸಿದರೆ ಕ್ರೇಪ್ ಬ್ಯಾಂಡೇಜನ್ನು ಬೆರಳ ಬುಡದಿಂದ ಶುರು ಮಾಡಿ. ಪಾದಕ್ಕೆ ಎರಡು ಸುತ್ತು, ಆಮೇಲೆ ಕಣಕಾಲಿನ ಹಿಂದಿನಿಂದ ಎಂಟರ ಆಕಾರದಲ್ಲಿ ಮೇಲಕ್ಕೆ. ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚಬೇಕು. ಕಟ್ಟಿದ ಮೇಲೆ ಬೆರಳ ಉಗುರನ್ನು ಒತ್ತಿ ಬಿಡಿ. ಬಿಳಿಚಿದ್ದು ಎರಡು ಸೆಕೆಂಡಿನಲ್ಲಿ ಕೆಂಪಗಾಗಬೇಕು. ಆಗದಿದ್ದರೆ, ಬೆರಳು ಜೋಮು ಹಿಡಿದರೆ, ಕಟ್ಟು ಬಿಗಿಯಾಯಿತು, ಬಿಚ್ಚಿ ಮತ್ತೆ ಕಟ್ಟಿ. ಎಣ್ಣೆ ಹಚ್ಚಿ ನೀವುವುದು ಬೇಡ.

ರಕ್ತ ಸುರಿಯುತ್ತಿದ್ದರೆ: ಸ್ವಚ್ಛ ಬಟ್ಟೆ ಇಟ್ಟು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಿಂತಿದೆಯಾ ಅಂತ ನಡುನಡುವೆ ತೆಗೆದು ನೋಡಬೇಡಿ.

ಬಿಸಿಲು ಬಡಿದರೆ: ತಲೆಸುತ್ತು, ವಾಂತಿ, ವಿಪರೀತ ಬೆವರು ಇದ್ದರೆ ನೆರಳಿಗೆ ಕರೆದೊಯ್ದು, ಬಟ್ಟೆ ಸಡಿಲಿಸಿ, ಓಆರ್‌ಎಸ್ ಕುಡಿಸಿ. ಮಾತು ತಡವರಿಸಿದರೆ, ಎಲ್ಲಿದ್ದೇನೆ ಅಂತ ತಿಳಿಯದಿದ್ದರೆ ಅದು ಹೀಟ್ ಸ್ಟ್ರೋಕ್, ಅಂದರೆ ಮೈಯ ಬಿಸಿ ಹಿಡಿತ ತಪ್ಪಿ 40 ಡಿಗ್ರಿ ದಾಟುವ ಸ್ಥಿತಿ. ಬಾಯಿಗೆ ಏನೂ ಹಾಕಬೇಡಿ. ಇರುವ ನೀರನ್ನೆಲ್ಲ ಕುತ್ತಿಗೆ, ಕಂಕುಳ, ತೊಡೆಸಂದಿಗೆ ಸುರಿದು ಗಾಳಿ ಹಾಕಿ, 108ಕ್ಕೆ ಹೇಳಿ.

ಹಾವು ಕಚ್ಚಿದರೆ: ನಮ್ಮ ಕಡೆ ಹೆಚ್ಚು ಪ್ರಾಣ ತೆಗೆಯುವವು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಇವು ನಾಲ್ಕಕ್ಕೂ ಆಸ್ಪತ್ರೆಯಲ್ಲಿ ಕೊಡುವ ಆಂಟಿವೆನಮ್, ಅಂದರೆ ವಿಷ ಇಳಿಸುವ ಚುಚ್ಚುಮದ್ದು, ಒಂದೇ. ಹಾಗಾಗಿ ಹಾವನ್ನು ಹಿಡಿಯಲು, ಕೊಲ್ಲಲು ಹೋಗಬೇಡಿ. ಕುಯ್ಯುವುದು, ಬಾಯಿಂದ ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಮೂರೂ ಬೇಡ. ಉಂಗುರ, ಗೆಜ್ಜೆ, ವಾಚು ತೆಗೆಯಿರಿ, ಬಾವು ಬಂದ ಮೇಲೆ ತೆಗೆಯಲಾಗುವುದಿಲ್ಲ. ಮುರಿದ ಕೈಕಾಲಿಗೆ ಕಟ್ಟುವಂತೆ ಕೋಲು ಇಟ್ಟು ಅಲುಗಾಡದಂತೆ ಮಾಡಿ, ಸಾಧ್ಯವಾದಷ್ಟು ಎತ್ತಿಕೊಂಡೇ ಇಳಿಸಿ. ಕಟ್ಟುಹಾವು ಕಚ್ಚಿದ್ದು ಕೆಲವು ಸಲ ನೋಯುವುದೂ ಇಲ್ಲ, ನೋವಿಲ್ಲ ಅಂತ ಮನೆಗೆ ಹೋಗಬೇಡಿ. ಮಂತ್ರ, ನಾಟಿ ಔಷಧಿ ಅಂತ ಸುತ್ತುವುದರಲ್ಲಿ ಹೋಗುವ ಹೊತ್ತು ವಾಪಸ್ ಬರುವುದಿಲ್ಲ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ನೇರ ಸರ್ಕಾರಿ ಆಸ್ಪತ್ರೆಗೆ ಹೋಗಿ.

ಹೆಜ್ಜೇನು ಎದ್ದರೆ: ಈ ಬೆಟ್ಟಗಳ ಬಂಡೆ ಚಾಚುಗಳಲ್ಲಿ ಹೆಜ್ಜೇನು ಗೂಡು ಸಾಮಾನ್ಯ. ಬೆಂಕಿ, ಹೊಗೆ, ಕಲ್ಲೆಸೆತ, ಘಾಟು ಸೆಂಟು ಅವನ್ನು ಕೆರಳಿಸುತ್ತವೆ. ಎದ್ದರೆ ಕೈ ಬೀಸಬೇಡಿ. ಮುಖ ಮುಚ್ಚಿಕೊಂಡು, ಕಾಲಿಡುವ ಜಾಗ ನೋಡುತ್ತಾ ಅಲ್ಲಿಂದ ದೂರ ಹೋಗಿ. ಮುಳ್ಳನ್ನು ಉಗುರಿಂದ ಕೆರೆದು ಬೇಗ ತೆಗೆಯಿರಿ. ತುಟಿ ನಾಲಿಗೆ ಊದಿದರೆ, ಉಸಿರು ಕಟ್ಟಿದರೆ, ಅಥವಾ ಹತ್ತಾರು ಕಡೆ ಕಚ್ಚಿದ್ದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆ.

ಗುಡುಗಿದರೆ: ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗಿದೆ. ತುದಿ ಬಿಟ್ಟು ಇಳಿಯಿರಿ. ಒಂಟಿ ಮರ, ತೆರೆದ ಮಂಟಪ, ಕಬ್ಬಿಣದ ಕಂಬಿಗಳಿಂದ ದೂರವಿರಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯುವವರೆಗೆ ಮತ್ತೆ ಹತ್ತಬೇಡಿ. ‘ದಾಮಿನಿ’ ಅನ್ನುವ ಸರ್ಕಾರಿ ಆ್ಯಪ್ ನಿಮ್ಮ ಸುತ್ತ ಸಿಡಿಲು ಬೀಳುವ ಸೂಚನೆ ಕೊಡುತ್ತದೆ, ಬೇಸಿಗೆಯಲ್ಲಿ ಹೋಗುವವರು ಇಟ್ಟುಕೊಳ್ಳಿ.

8. ಎರಡನೆಯ ಬೆಟ್ಟ

ಶಿವಗಂಗೆ ಇಳಿದ ಮಾರನೆ ದಿನ ಮೆಟ್ಟಿಲು ಇಳಿಯಲು ಕಷ್ಟವಾಯಿತಾ? ಹಾಗಾದರೆ ಮತ್ತೆ ಮೆಟ್ಟಿಲ ಬೆಟ್ಟವೇ ಇರಲಿ. ಆರಾಮಾಗಿದ್ದರೆ ಮಾಕಳಿದುರ್ಗ, ಸ್ಕಂದಗಿರಿ. ಅಲ್ಲಿ ಮಣ್ಣು, ಕಲ್ಲು, ಬಂಡೆ ಮೂರೂ ಸಿಗುತ್ತವೆ. ಸಾವನದುರ್ಗ ಅದಾದ ಮೇಲೆ, ಒಣ ಹವೆಯಲ್ಲಿ, ದಾರಿ ಬಲ್ಲವರ ಜೊತೆ.

ಕುಕ್ಕೆಯ ಕುಮಾರ ಪರ್ವತ ಎಲ್ಲರ ಕನಸು, ಗೊತ್ತು. ಅದು 1,712 ಮೀಟರ್ ಎತ್ತರ, ಬುಡವೋ ಸಮುದ್ರಮಟ್ಟದಿಂದ ಹೆಚ್ಚು ಮೇಲಿಲ್ಲ. ಹಾಗಾಗಿ ಕಾಲಿಗೆ ಬೀಳುವ ಏರಿಕೆ ನಂದಿ ಬೆಟ್ಟದ ಎರಡರಷ್ಟಕ್ಕೂ ಜಾಸ್ತಿ. ಅಷ್ಟು ಹತ್ತಿ ಅಷ್ಟೂ ಇಳಿಯಬೇಕು, ಜಿಗಣೆ, ಕಾಡು, ಬರಿ ಹುಲ್ಲುಬೆಟ್ಟದ ಬಿಸಿಲು ಎಲ್ಲ ಸೇರಿ. ಒಂದು ಪೂರ್ತಿ ಚಳಿಗಾಲ ಇಲ್ಲಿನ ಬೆಟ್ಟಗಳಲ್ಲಿ ಕಾಲು ಪಳಗಿಸಿಕೊಂಡು ಹೋಗಿ. ಅಲ್ಲಿಗೂ ಟಿಕೆಟ್ ಮೊದಲೇ ಬೇಕು. ಅದು ಕೈಗೆ ಬಂದ ಮೇಲೆಯೇ ಕುಕ್ಕೆಗೆ ಬಸ್ ಬುಕ್ ಮಾಡಿ.